ಮೋಲ್ಡ್ ಮನೆಯಲ್ಲಿ ಕಮೋಡ್ ಜಾಗ ಬದಲಿಸಲು ಎಷ್ಟು ಖರ್ಚಾಗುತ್ತದೆ?

"ಕಮೋಡನ್ನು ಈ ಗೋಡೆಯಿಂದ ಆ ಗೋಡೆಗೆ ಹಾಕಬೇಕು, ಎಷ್ಟಾಗುತ್ತೆ?" ಬಚ್ಚಲುಮನೆ ರಿಪೇರಿಗೆ ಕೈಹಾಕಿದವರೆಲ್ಲ ಇದನ್ನೇ ಕೇಳುತ್ತಾರೆ. ಕೆಲವರಿಗೆ ವಾಸ್ತು ಕಾರಣ, ಇನ್ನು ಕೆಲವರಿಗೆ ಇಂಡಿಯನ್ ಪ್ಯಾನ್ ಮೇಲೆ ಕೂರಲಾಗದ ಹಿರಿಯರು. ಕಾರಣ ಏನೇ ಇರಲಿ, ನಾವು ತಿರುಗಿ ಕೇಳುವ ಪ್ರಶ್ನೆ ಒಂದೇ: ಹೊಸ ಜಾಗದಿಂದ ಡಕ್ಟ್‌ನಲ್ಲಿ (ಮಹಡಿಗಳ ಪೈಪುಗಳೆಲ್ಲ ಇಳಿಯುವ ಕಿಂಡಿ) ಇಳಿಯುವ 4 ಇಂಚಿನ ಪೈಪಿಗೆ ಎಷ್ಟು ಅಡಿ? ಖರ್ಚು ತೀರ್ಮಾನವಾಗುವುದು ಆ ದೂರದಿಂದ. ಕಮೋಡ್ ಬೆಲೆ ಇಲ್ಲಿ ಸಣ್ಣ ಬಾಬತ್ತು.

ದೂರ ಏಕೆ ಮುಖ್ಯವೆಂದರೆ, ಮೇಸ್ತ್ರಿಗಳು ವಾಟ ಎನ್ನುವ ಇಳಿಜಾರು. 110 ಮಿ.ಮೀ. ಪೈಪಿಗೆ ಮೀಟರಿಗೆ 25 ಮಿ.ಮೀ. ವಾಟ ಕೊಟ್ಟರೆ ಮಲ, ನೀರು ಎರಡೂ ಒಟ್ಟಿಗೆ ಹೋಗುತ್ತವೆ. 8 ಅಡಿ ದೂರಕ್ಕೆ ಸುಮಾರು ಎರಡೂವರೆ ಇಂಚು ಇಳಿಯಬೇಕು. ಪೈಪಿನ ಸಾಕೆಟ್ಟಿಗೆ (ಜೋಡಣೆಯ ಅಗಲ ಬಾಯಿ) 5 ಇಂಚು, ಮೇಲಿನ ಗಾರೆ-ಟೈಲ್ಸಿಗೆ 2 ಇಂಚು ಸೇರಿಸಿದರೆ ಒಂಬತ್ತೂವರೆ ಇಂಚಾಯಿತು. ಮನೆಗಳ ಮೋಲ್ಡ್, ಅಂದರೆ ಮಹಡಿಯ ಕಾಂಕ್ರೀಟ್ ಹಾಸಿನ ದಪ್ಪ ಸಾಮಾನ್ಯವಾಗಿ 5ರಿಂದ 6 ಇಂಚು ಅಷ್ಟೇ. "ಮೋಲ್ಡನ್ನೇ ಸ್ವಲ್ಪ ಕೊರೆದು ಪೈಪ್ ಕೂರಿಸ್ತೀನಿ" ಎನ್ನುವವರಿಗೆ ಕೆಲಸ ಕೊಡಬೇಡಿ. ಅದು ಕೂರುವುದೂ ಇಲ್ಲ, ಕಂಬಿ ಕತ್ತರಿಸಿ ಮೋಲ್ಡ್ ಬಲ ಕಳೆದುಕೊಳ್ಳುತ್ತದೆ.

ನೆಲಮಹಡಿಯಾದರೆ ನೀವು ಅದೃಷ್ಟವಂತರು. ಕೆಳಗೆ ಮೋಲ್ಡ್ ಇರುವುದಿಲ್ಲ. 4 ಇಂಚಿನ ಕಾಂಕ್ರೀಟ್, ಅದರಡಿ ತುಂಬಿದ ಮಣ್ಣು. ಒಡೆದು, ತೋಡಿ, ಹೊರಗಿನ ಚೇಂಬರಿಗೆ ಪೈಪ್ ಕೊಟ್ಟು ಮುಚ್ಚಿದರೆ 10-15 ಅಡಿಗೆ ಬೆಂಗಳೂರಿನ ಕೂಲಿಯಲ್ಲಿ ಸುಮಾರು 25ರಿಂದ 45 ಸಾವಿರ. ಪೈಪಿನ ಕೆಳಗೆ ಮರಳು ಹಾಸಿ, ಮಣ್ಣನ್ನು ಪದರ ಪದರವಾಗಿ ನೀರು ಬಿಟ್ಟು ದಮ್ಮಸು ಮಾಡಿಸಿ. ಇಲ್ಲದಿದ್ದರೆ ವರ್ಷದೊಳಗೆ ಮಣ್ಣು ಕುಸಿದು ಪೈಪ್ ನಡುವೆ ಬಾಗಿ, ಅಲ್ಲೇ ಕಟ್ಟಿಕೊಳ್ಳುತ್ತದೆ. ಪ್ಲಿಂತ್ ಬೀಮ್ (ಗೋಡೆಯಡಿಯ ಕಾಂಕ್ರೀಟ್ ತೊಲೆ) ಅಡ್ಡ ಬಂದರೆ ಕೆಳಗಿನಿಂದ ದಾಟಿಸಬೇಕು, ಕೊರೆಯಕೂಡದು.

ಮೇಲಿನ ಮಹಡಿಯಲ್ಲಿ ಮೂರು ದಾರಿಗಳಿವೆ. ಹೆಚ್ಚಿನವರ ಗಮನಕ್ಕೇ ಬಾರದ, ಅಗ್ಗದ ದಾರಿಯನ್ನು ಮೊದಲು ಹೇಳುತ್ತೇವೆ: ನೆಲ ಒಡೆಯದೆ, ಗೋಡೆಯ ಕಡೆ ಬಾಯಿ ಇರುವ ಪಿ-ಟ್ರ್ಯಾಪ್ ಕಮೋಡ್ ಹಾಕುವುದು. ಇದರ ಹೊರಬಾಯಿಯ ಮಧ್ಯಬಿಂದು ಟೈಲ್ಸಿನಿಂದ ಸುಮಾರು 180 ಮಿ.ಮೀ. ಎತ್ತರದಲ್ಲಿರುತ್ತದೆ. ಪೈಪಿನ ಅರ್ಧ 55 ಮಿ.ಮೀ. ಕಳೆದರೆ ಪೈಪಿನ ತಳ ನೆಲದಿಂದ 125 ಮಿ.ಮೀ. ಮೇಲೆ. ಮೀಟರಿಗೆ 25ರಂತೆ ಇಳಿಸುತ್ತ ಹೋದರೆ ಲೆಕ್ಕಕ್ಕೆ 5 ಮೀಟರ್; ಸಾಕೆಟ್ ದಪ್ಪ, ಬೆಂಡುಗಳನ್ನು ಬಿಟ್ಟು 3 ಮೀಟರ್, ಅಂದರೆ 10 ಅಡಿ, ನೆಮ್ಮದಿಯಾಗಿ ಸಿಗುತ್ತದೆ. ಪೈಪನ್ನು ಗೋಡೆಗುಂಟ ಒಯ್ದು, ಮುಂದೆ 4 ಇಂಚಿನ ಬ್ಲಾಕ್ ಕಟ್ಟಿ, ಮೇಲೆ ಗ್ರಾನೈಟ್ ಹಾಸಿದರೆ ಸೋಪು-ಶಾಂಪೂ ಇಡುವ ಕಟ್ಟೆಯೂ ಆಯಿತು. ಕಮೋಡ್ ಬಿಟ್ಟು 15ರಿಂದ 25 ಸಾವಿರದಲ್ಲಿ ಮುಗಿಯುತ್ತದೆ. ಕಟ್ಟೆ ಕಮೋಡ್ ಹಿಂದೆಯೇ ಬಂದರೆ ಕಮೋಡ್ ಸುಮಾರು 10 ಇಂಚು ಮುಂದೆ ಬರುತ್ತದೆ. ಎದುರಿಗೆ 2 ಅಡಿ ಜಾಗ ಉಳಿಯುತ್ತದೆಯೇ ಎಂದು ಮೊದಲೇ ಅಳೆಯಿರಿ. ದಾರಿಯಲ್ಲಿ ಬಾಗಿಲು ಇದ್ದರೆ ಈ ಉಪಾಯ ನಡೆಯುವುದಿಲ್ಲ.

ಎರಡನೆಯದು, ಸಂಕನ್ (ಪೈಪಿಗಾಗಿ ಮೋಲ್ಡನ್ನು ತಗ್ಗಿಸಿ, ಮೇಲೆ ತುಂಬಿಸಿದ ಜಾಗ) ಇರುವ ಬಚ್ಚಲಿನಲ್ಲಿ ಪೂರ್ತಿ ನೆಲ ಕಿತ್ತು ಪೈಪ್ ಹೊಸದಾಗಿ ಎಳೆಯುವುದು. ಹಳೆ ಕಟ್ಟಡಗಳಲ್ಲಿ ಸಂಕನ್ ಒಂದು ಅಡಿಗಿಂತ ಆಳವಿರುತ್ತದೆ, ಹೊಸವುಗಳಲ್ಲಿ ಕೆಲವೊಮ್ಮೆ 8 ಇಂಚೂ ಇರುವುದಿಲ್ಲ. 40 ಚದರಡಿ ಬಚ್ಚಲಿನ ಒಂದು ಅಡಿ ಸಂಕನ್ ಎಂದರೆ 40 ಘನ ಅಡಿ ಇಟ್ಟಿಗೆಚೂರು-ಮಣ್ಣು, ಹತ್ತಿರಹತ್ತಿರ 2 ಟನ್. ಒಡೆದಾಗ ಅದು ಉಬ್ಬಿ ಸುಮಾರು 50 ಸಿಮೆಂಟ್ ಚೀಲ ಆಗುತ್ತದೆ. ಲಿಫ್ಟ್ ಬಳಸಲು ಬಿಡದ ಕಟ್ಟಡದಲ್ಲಿ ಅದನ್ನು ಇಳಿಸುವ ಕೂಲಿಯೇ ಕೊಟೇಶನ್ನನ್ನು ಏರಿಸುತ್ತದೆ. ಒಡೆದು ಸಾಗಿಸಲು 10-15 ಸಾವಿರ, ಪೈಪು-ಪ್ಲಂಬಿಂಗಿಗೆ 15-20, ವಾಟರ್‌ಪ್ರೂಫಿಂಗಿಗೆ 6-10, ಮತ್ತೆ ತುಂಬಿ ಟೈಲ್ಸ್ ಹಾಕಲು 15-20: ಎಲ್ಲ ಸೇರಿ 46ರಿಂದ 65 ಸಾವಿರ. ಗೋಡೆಯ ಟೈಲ್ಸೂ ಬದಲಾದರೆ ಲಕ್ಷ ದಾಟುತ್ತದೆ. ತುಂಬುವಾಗ ಮಣ್ಣಿನ ಬದಲು ಹಗುರ ಬ್ಲಾಕಿನ ಚೂರು ಕೇಳಿ. ಮೋಲ್ಡಿನ ಮೇಲಿನ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಮೂರನೆಯದು, ಮೋಲ್ಡಿಗೆ ತೂತು ಕೊರೆದು ಕೆಳಗಿನ ಮನೆಯ ಚಾವಣಿಯಡಿ ಪೈಪ್ ನೇತುಹಾಕುವುದು. ಕೆಳಮನೆಯೂ ನಿಮ್ಮದೇ ಆದರೆ ಮಾತ್ರ ಯೋಚಿಸಿ. 5 ಇಂಚಿನ ಡೈಮಂಡ್ ಕೋರ್ ಕಟಿಂಗ್ ಮಾಡಿಸಿ, ಸುತ್ತಿಗೆ-ಉಳಿ ಬೇಡ. ಕೊರೆಯುವ ಮೊದಲು ಕಂಬಿ ಎಲ್ಲಿದೆ ಎಂದು ಯಂತ್ರದಿಂದ ನೋಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಪೋಸ್ಟ್-ಟೆನ್ಷನ್ ಮೋಲ್ಡ್ ಆಗಿದ್ದರೆ ಬಿಗಿಯಾಗಿ ಎಳೆದ ಕೇಬಲ್ ತುಂಡಾಗುವ ಅಪಾಯ ದೊಡ್ಡದು. ಅಪಾರ್ಟ್‌ಮೆಂಟಿನಲ್ಲಿ ಸಂಘದ ಅನುಮತಿಯೂ ಬೇಕು: ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ತಡೆಯುತ್ತದೆ.

ಯಾವ ದಾರಿ ಹಿಡಿದರೂ 90 ಡಿಗ್ರಿ ಬೆಂಡ್ ಒಂದರ ಬದಲು 45ರ ಎರಡು ಹಾಕಿಸಿ. ತಿರುವಿನಲ್ಲಿ ಬಾಗಿಲಿರುವ (ತೆರೆದು ಶುಚಿ ಮಾಡುವ ಮುಚ್ಚಳದ) ಬೆಂಡ್ ಇದ್ದರೆ ಕಟ್ಟಿಕೊಂಡಾಗ ಟೈಲ್ಸ್ ಒಡೆಯಬೇಕಿಲ್ಲ.

ಸೋರಿಕೆ ಶುರುವಾಗುವುದು ಬಹುಪಾಲು ಪೈಪ್ ಮೋಲ್ಡನ್ನು ಅಥವಾ ಗೋಡೆಯನ್ನು ದಾಟುವ ಕಡೆ. ಪಿವಿಸಿ ಮೈ ನುಣುಪು, ಸಿಮೆಂಟ್ ಅದಕ್ಕೆ ಕಚ್ಚುವುದಿಲ್ಲ. ಆ ಜಾಗಕ್ಕೆ ಸಾಲ್ವೆಂಟ್ (ಪಿವಿಸಿ ಅಂಟು) ಸವರಿ, ಒಣಗುವ ಮುಂಚೆ ಮರಳು ಉದುರಿಸಿ ಒರಟು ಮಾಡಬೇಕು. ಆಮೇಲೆ ಕುಗ್ಗದ ಗ್ರೌಟ್ ತುಂಬಬೇಕು. ಐದು ನಿಮಿಷದ ಕೆಲಸ, ಆದರೂ ಹೇಳದಿದ್ದರೆ ಯಾರೂ ಮಾಡುವುದಿಲ್ಲ. ಸಂಕನ್ ತಳದಲ್ಲಿ ಡಕ್ಟ್ ಕಡೆಗೆ ಒಂದೂಕಾಲು ಇಂಚಿನ ಸಣ್ಣ ಪೈಪ್ ಇಡಿಸಿ. ಒಳಗೆ ನೀರು ಸೇರಿದರೆ ಅಲ್ಲಿ ತೊಟ್ಟಿಕ್ಕುತ್ತದೆ, ಕೆಳಮನೆಯವರು ಬಂದು ಹೇಳುವವರೆಗೆ ಕಾಯಬೇಕಿಲ್ಲ. ವಾಟರ್‌ಪ್ರೂಫಿಂಗ್ ಎರಡು ಕೋಟ್ ಒಣಗಿದ ಮೇಲೆ ನೀರು ನಿಲ್ಲಿಸಿ 48 ಗಂಟೆ ಬಿಡಿ. ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ, ಕೆಳಗಿನ ಚಾವಣಿ ನೋಡಿ ಬನ್ನಿ. ತುಂಬುವ ಕೆಲಸಕ್ಕೆ ಮುಂಚೆಯೇ ಇದನ್ನು ಮಾಡಿಸಿ, ಮೇಸ್ತ್ರಿಗೆ ಕೊಡುವ ಹಣದಲ್ಲಿ ಒಂದು ಕಂತನ್ನು ಈ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯಿರಿ.