ಕಣದ ಕಲ್ಲಿನ ಮೇಲೆ ರಿಸೀವರ್

22 ಮಾರ್ಚ್ 2025, ಶನಿವಾರ. ಸೋಮವಾರಪೇಟೆ ಹತ್ತಿರ

ಹೂಮಳೆಯಾಗಿ ಒಂಬತ್ತು ದಿನ. ತೋಟವೆಲ್ಲ ಬೆಳ್ಳಗಾಗಿದೆ, ಕಣದವರೆಗೂ ಕಾಫಿ ಹೂವಿನ ವಾಸನೆ.

ದೊಡ್ಡಪ್ಪನ ತೋಟದ ಗಡಿ ಅಳೆಯುವ ಮೊದಲು ಕಣದ ಅಂಚಿನ ಕಲ್ಲಿನ ಸ್ಥಾನ ಖಚಿತವಾಗಬೇಕಿತ್ತು. ಅಲ್ಲಿ ಮರಗಳ ಅಡ್ಡಿಯಿಲ್ಲ. ಸಂಜೆ ಏಳಕ್ಕೆ ಜಿಪಿಎಸ್ ರಿಸೀವರ್ ಇಟ್ಟು ಕೂತೆ. ಎಂಟೂಕಾಲಿಗೆ ಒಂದು ಉಪಗ್ರಹದ ಸಿಗ್ನಲ್ ಏರಿಳಿಯತೊಡಗಿತು. ಅದು ಸುಧಾರಿಸುವಷ್ಟರಲ್ಲಿ ಅದರ ಮೂಡಣದ್ದಕ್ಕೆ ಅದೇ ಗತಿ.

"ಮೋಡ ಇಲ್ಲ, ನಕ್ಷತ್ರ ಕಾಣ್ತಾ ಇದೆ. ಏನಾಯ್ತು ಮಗ?" ಅಂದರು ದೊಡ್ಡಪ್ಪ.

ಮೋಡ ಇರುವುದು ಕೆಲವೇ ಕಿಲೋಮೀಟರ್ ಎತ್ತರದಲ್ಲಿ. ಇದು ನಡೆಯುವುದು 300 ಕಿಲೋಮೀಟರ್ ಆಚೀಚೆ, ಅಯಾನುಗೋಳದಲ್ಲಿ. ಹಗಲು ಬಿಸಿಲು ಅಲ್ಲಿನ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕುತ್ತದೆ. ಸೂರ್ಯ ಮುಳುಗಿದೊಡನೆ ಕೆಳಪದರದ ಎಲೆಕ್ಟ್ರಾನುಗಳು ಬೇಗ ಕರಗುತ್ತವೆ, ದಟ್ಟವಾದ ಮೇಲ್ಪದರ ಇನ್ನೂ ಮೇಲೇರುತ್ತದೆ. ಎಣ್ಣೆಯ ಮೇಲೆ ನೀರು ನಿಂತ ಹಾಗೆ! ನಿಲ್ಲಲಾರದು, ಕೆಳಗಿನ ವಿರಳ ಪ್ಲಾಸ್ಮಾ (ಎಲೆಕ್ಟ್ರಾನ್ ಕಳಚಿದ ಅನಿಲ) ಗುಳ್ಳೆಗಳಾಗಿ ಮೇಲೆ ನುಗ್ಗುತ್ತದೆ. ಆ ಗುಳ್ಳೆಗಳು ಪೂರ್ವಕ್ಕೆ ಸರಿಯುತ್ತ ಹೋಗುವಾಗ ಅವುಗಳನ್ನು ಹಾದು ಬರುವ ಅಲೆ ಚದುರಿ, ನಕ್ಷತ್ರದಂತೆ ಮಿನುಗುತ್ತದೆ. ಈ ಗುಳ್ಳೆಗಳು ಹುಟ್ಟುವ ಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ, ನಮ್ಮ ದಕ್ಷಿಣಕ್ಕೇ ಇದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಲು ಆ ಜಾಗ ಆರಿಸಿದ್ದೂ ಅದಕ್ಕೇ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನ ಸಂಜೆಗಳಲ್ಲಿ ಈ ಕಾಟ ನಮಗೆ ಹೆಚ್ಚು.

ಗುಳ್ಳೆ ಇಲ್ಲದಾಗಲೂ ಅಯಾನುಗೋಳ ದಾಟುವ ಸಿಗ್ನಲ್ ತಡವಾಗಿಯೇ ಬರುತ್ತದೆ. ಆ ತಡವನ್ನು ದೂರವೆಂದು ಎಣಿಸಿದರೆ ಹಗಲಲ್ಲಿ ಹತ್ತಾರು ಮೀಟರ್ ತಪ್ಪೂ ಆಗಬಹುದು. ಆದರೆ ತಡ ಆವರ್ತನದ ವರ್ಗಕ್ಕೆ ವಿಲೋಮ: ಜಿಪಿಎಸ್‌ನ 1575.42 ಮೆಗಾಹರ್ಟ್ಸ್‌ಗಿಂತ 1176.45ರಲ್ಲಿ ಸುಮಾರು 1.8 ಪಟ್ಟು. ಎರಡನ್ನೂ ಕೇಳಿಸಿಕೊಂಡರೆ ತಪ್ಪನ್ನು ಲೆಕ್ಕ ಹಾಕಿ ಕಳೆಯಬಹುದು. ಜಿಪಿಎಸ್‌ನಂಥದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ 1176.45ರ ಜೊತೆ 2492.028ರಲ್ಲೂ ಹೇಳುತ್ತದೆ, ನನಗೆ ಇದು ತುಂಬಾ ಇಷ್ಟದ ಉಪಾಯ. ಮಿನುಗಿಗೆ ಮಾತ್ರ ಈ ಲೆಕ್ಕ ಸಾಲದು. ಸಿಗ್ನಲ್ಲೇ ಕಡಿದುಹೋದರೆ ಕಳೆಯುವುದೇನನ್ನು?

ದೊಡ್ಡಪ್ಪ ಕೇಳಿಕೊಂಡು ಆಕಾಶ ನೋಡುತ್ತಾ ಕೂತರು. ಹತ್ತೂವರೆಗೆ ಪರದೆಯ ಮೇಲಿನ ಸಿಗ್ನಲ್ ಗೆರೆಗಳು ನೇರವಾದವು. ಈ ಅಳತೆಯನ್ನು ಗಡಿಗೆ ಬಳಸುವುದಿಲ್ಲ, ಅಳಿಸುವುದೂ ಇಲ್ಲ. ಬೆಳಿಗ್ಗೆ ಆರಕ್ಕೆ ಅದೇ ಕಲ್ಲಿನ ಮೇಲೆ ಮತ್ತೆ ಇಡುತ್ತೇನೆ.