ಸೆಟ್ಟು ಹಲ್ಲಿನ ಅಡಿಯ ಬೂಷ್ಟಿಗೆ ಅರಸಿನ ಮತ್ತು ನೀಲಿ ಬೆಳಕು

ತೆಗೆದು ಹಾಕುವ ಕೃತಕ ಹಲ್ಲಿಗೆ ಕಾಸರಗೋಡು ಕಡೆಯ ಕುಂಬಳೆ, ಬದಿಯಡ್ಕದ ಮನೆಗಳಲ್ಲಿ ‘ಸೆಟ್ಟು’ ಅನ್ನಿ, ಪೇಟೆಯ ಮಲಯಾಳದಲ್ಲಿ ‘ವೆಪ್ಪುಪಲ್ಲು’ ಅನ್ನಿ, ಅದನ್ನು ರಾತ್ರಿಯೂ ತೆಗೆಯದೆ ಮಲಗುವವರ ಅಂಗುಳು ಸೆಟ್ಟಿನ ಅಚ್ಚಿನಂತೆಯೇ ಕೆಂಪಾಗಿರುವುದುಂಟು. ಹೆಚ್ಚಾಗಿ ನೋವಿಲ್ಲ, ಹಾಗಾಗಿ ಗಮನವೂ ಇಲ್ಲ. ಮುಖ್ಯ ಕಾರಣ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರ. ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಸಣ್ಣ ತೂತುಗಳಲ್ಲಿ ಲೋಳೆ ಕಟ್ಟಿಕೊಂಡು, ಅಂದರೆ ಬಯೋಫಿಲ್ಮ್ ಮಾಡಿಕೊಂಡು ಕೂತರೆ ನಿಸ್ಟಾಟಿನ್ ಎಂಬ ಶಿಲೀಂಧ್ರದ ಮದ್ದು ಅಷ್ಟು ಸುಲಭಕ್ಕೆ ಒಳಗಿಳಿಯುವುದಿಲ್ಲ.

ಇನ್ನೊಂದು ದಾರಿ, ಬಣ್ಣ ಹಚ್ಚಿ ಬೆಳಕು ಹಾಯಿಸಿ ಶಿಲೀಂಧ್ರ ಕೊಲ್ಲುವ ಬೆಳಕಿನ ಚಿಕಿತ್ಸೆ. ಇದಕ್ಕೆ ಬಣ್ಣ, ಬೆಳಕು, ಆಮ್ಲಜನಕ ಮೂರೂ ಒಂದೇ ಜಾಗದಲ್ಲಿ ಸೇರಬೇಕು. ಬೆಳಕು ಹೀರಿದ ಬಣ್ಣ ಆಮ್ಲಜನಕವನ್ನು ಕೆರಳಿಸುತ್ತದೆ. ಹಾಗೆ ಹುಟ್ಟುವ ಸಿಂಗ್ಲೆಟ್ ಆಕ್ಸಿಜನ್ ನೀರಿನಲ್ಲಿ ಬದುಕುವುದು ಕೆಲವೇ ಮೈಕ್ರೊಸೆಕೆಂಡ್, ಹುಟ್ಟಿದಲ್ಲೇ ಸುಡುತ್ತದೆ. ಬಣ್ಣ ಮೇಲ್ಪದರದಲ್ಲೇ ನಿಂತರೆ ಸಾಯುವುದೂ ಮೇಲ್ಪದರ ಮಾತ್ರ. ಬಿಡಿ ಕೋಶಗಳಿಗೆ 5 ನಿಮಿಷ ನೆನೆಸಿದರೆ ಸಾಕಾಗಬಹುದು. ಬಯೋಫಿಲ್ಮಿಗೆ 20 ನಿಮಿಷ ಕೊಡುವುದು ಇದಕ್ಕೇ. ಎಂಜಲಿನ ಪ್ರೋಟೀನೂ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊದಲೇ ತೊಳೆಯಬೇಕು.

ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣಕ್ಕೆ 660 ನ್ಯಾನೊಮೀಟರಿನ ಕೆಂಪು ಬೆಳಕು. ಅರಸಿನದ ಹಳದಿ ಅಂಶ ಕರ್ಕ್ಯುಮಿನ್‌ಗೆ 420–430ರ ಆಸುಪಾಸಿನ ನೀಲಿ. ಫಿಲ್ಲಿಂಗ್ ಗಟ್ಟಿ ಮಾಡುವ ಎಲ್‌ಇಡಿ ಸಾಮಾನ್ಯವಾಗಿ 450–470ರದು. ಕೆಲಸ ನಡೆಯುತ್ತದೆ, ಪೂರ್ತಿ ಹೊಂದಿಕೆಯಲ್ಲ. ಅಡುಗೆಮನೆಯ ಅರಸಿನ ಪುಡಿ ಕಲಸಿ ಮೊಬೈಲ್ ಟಾರ್ಚ್ ಹಿಡಿದರೆ ಏನೂ ಆಗದು: ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ಪ್ರಯೋಗಾಲಯದಲ್ಲಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸುತ್ತಾರೆ. ಆಗ ಹೋಲಿಕೆಗೆ ಬರೀ ಡಿಎಂಎಸ್‌ಒ ಹಾಕಿದ ಗುಂಪೂ ಬೇಕು. ಬಣ್ಣ ಮಾತ್ರ, ಬೆಳಕು ಮಾತ್ರ, ಎರಡೂ, ಎರಡೂ ಇಲ್ಲದ್ದು, ಈ ನಾಲ್ಕು ಗುಂಪು ಹೇಗೂ ಇರಲೇಬೇಕು.

ಎಷ್ಟು ಬೆಳಕು ಬಿತ್ತು ಎಂಬ ಲೆಕ್ಕ ಸರಳ. ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್, 10 ನಿಮಿಷ: 60 ಜೂಲ್. ತಪ್ಪುವುದು ಅಳತೆಯಲ್ಲಿ. ದೀಪದ ಡಬ್ಬಿಯ ಮೇಲಿನ ಅಂಕೆ ನಂಬದೆ, ಮಾದರಿ ಇರುವ ಎತ್ತರದಲ್ಲೇ ಮೀಟರ್ ಇಟ್ಟು ನೋಡಬೇಕು. ಮಾದರಿ ಹಾಕುವ ಗುಳಿಗಳ ತಟ್ಟೆ ಪಾರದರ್ಶಕವಾದರೆ ಪಕ್ಕದ ಗುಳಿಗೂ ಬೆಳಕು ಸೋರುತ್ತದೆ, ಕಪ್ಪು ತಟ್ಟೆ ಒಳ್ಳೆಯದು. ಬಣ್ಣ ಹೆಚ್ಚು ಹಾಕಿದರೆ ಫಲ ಹೆಚ್ಚೆಂದೂ ಇಲ್ಲ: ಗಾಢ ದ್ರಾವಣದ ಮೇಲ್ಪದರವೇ ಬೆಳಕು ನುಂಗಿ, ಅಡಿಗೆ ಕತ್ತಲೆ.

‘99.9 ಶೇಕಡಾ ನಾಶ’ ಎಂಬ ಮಾತಿಗೆ ಹಿಗ್ಗಬೇಡಿ. ಒಂದು ಕೋಟಿ ಕೋಶಗಳಲ್ಲಿ ಹತ್ತು ಸಾವಿರ ಇನ್ನೂ ಜೀವಂತ, ಮತ್ತೆ ಹಬ್ಬಲು ಅಷ್ಟು ಧಾರಾಳ. ಅಂಗುಳಿಗೆ ಮಾತ್ರ ಬೆಳಕು ಕೊಟ್ಟು ಸೆಟ್ಟನ್ನು ಹಾಗೇ ಬಿಟ್ಟರಂತೂ ಬೀಜ ಬಾಯಿಗೇ ವಾಪಸು. ಸೆಟ್ಟನ್ನು ದಿನಾ ಬ್ರಶ್ಶಿನಲ್ಲಿ ಉಜ್ಜಿ, ರಾತ್ರಿ ತೆಗೆದು ನೀರಿನಲ್ಲಿಡಬೇಕು. ಲೋಹದ ಭಾಗವಿಲ್ಲದಿದ್ದರೆ ದಂತವೈದ್ಯರನ್ನು ಕೇಳಿ 0.5 ಶೇಕಡಾ ಹೈಪೊಕ್ಲೋರೈಟಿನಲ್ಲಿ 10 ನಿಮಿಷ ಮುಳುಗಿಸಿ, ಚೆನ್ನಾಗಿ ತೊಳೆದು ಬಾಯಿಗಿಡಬಹುದು.