ಎಕೋ ನಾರ್ಮಲ್ ಇದ್ದರೆ ಕುಡಿತದಿಂದ ಹೃದಯಕ್ಕೆ ಏನೂ ಆಗಿಲ್ಲ ಎಂದರ್ಥವೇ?

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ಕೊಠಡಿಯಲ್ಲಿ ಎದೆಗೆ ಹಚ್ಚಿದ ಜೆಲ್ಲನ್ನು ಒರೆಸಿಕೊಳ್ಳುತ್ತಲೇ ಅನೇಕರು ನನ್ನನ್ನು ಕೇಳುವ ಪ್ರಶ್ನೆಯಿದು: "ಇಪ್ಪತ್ತು ವರ್ಷದಿಂದ ತಗೊಳ್ತಾ ಇದ್ದೀನಿ ಡಾಕ್ಟ್ರೇ, ರಿಪೋರ್ಟ್ ನಾರ್ಮಲ್ ಅಂದ್ರೆ ಹಾರ್ಟ್‌ಗೆ ಏನೂ ಆಗಿಲ್ಲ ತಾನೆ?" ಕೊಠಡಿಯ ಹೊರಗೆ ಮುಂದಿನವರು ಕಾಯುತ್ತಿರುವಾಗ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಕೋ ತೋರಿಸುವುದು ಹೃದಯದ ಆಕಾರ ಮತ್ತು ಚಲನೆಯನ್ನೇ ಹೊರತು ಅವು ಕೆಟ್ಟಿದ್ದರ ಕಾರಣವನ್ನಲ್ಲ. ಮದ್ಯವೂ, ಅದು ದೇಹದಲ್ಲಿ ವಿಭಜನೆಯಾಗುವಾಗ ಹುಟ್ಟುವ ಅಸಿಟಾಲ್ಡಿಹೈಡೂ ಹೃದಯದ ಸ್ನಾಯುಕೋಶಗಳನ್ನು ವರ್ಷಗಟ್ಟಲೆ ಘಾಸಿಗೊಳಿಸುತ್ತ ಹೋದರೆ, ತುದಿ ಚೂಪಾಗಿ ಮಾವಿನಕಾಯಿಯಂತೆ ಕಾಣಬೇಕಾದ ಎಡ ಹೃತ್ಕುಕ್ಷಿ (ದೇಹಕ್ಕೆ ರಕ್ತ ತಳ್ಳುವ ಕೆಳಗಿನ ಕೋಣೆ) ಕ್ರಮೇಣ ಹಿಗ್ಗಿ ಗುಂಡುಬದನೆಯ ರೂಪಕ್ಕೆ ತಿರುಗುತ್ತದೆ. ಮ್ಯೂನಿಕ್‌ನ ರೋಗಶಾಸ್ತ್ರಜ್ಞ ಬೋಲಿಂಗರ್ 1884ರಲ್ಲಿ ಅಲ್ಲಿನ ಬಿಯರ್‌ಪ್ರಿಯರ ಶವಪರೀಕ್ಷೆಯಲ್ಲಿ ಇಂಥ ಹಿಗ್ಗಿದ ಹೃದಯಗಳನ್ನು ಕಂಡು ವರದಿ ಮಾಡಿದ್ದ. ಅದಕ್ಕೆ 'ಮ್ಯೂನಿಕ್ ಬಿಯರ್ ಹೃದಯ' ಎಂಬ ಹೆಸರೇ ಉಳಿಯಿತು. ಆತ ಸತ್ತವರಲ್ಲಿ ನೋಡಿದ್ದನ್ನು ನಾವು ಇಂದು ಎಡಮಗ್ಗುಲಾಗಿ ಮಲಗಿರುವ ಜೀವಂತ ಮನುಷ್ಯನಲ್ಲಿ ಅರ್ಧ ಗಂಟೆಯೊಳಗೆ ಅಳೆಯುತ್ತೇವೆ.

ತೊಡಕಿರುವುದು ಎಲ್ಲರೂ ಮೊದಲು ಹುಡುಕುವ 'ಇಎಫ್' ಎಂಬ ಅಂಕಿಯಲ್ಲಿ. ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಭಾಗ ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ. (60 ಎಂದಿದ್ದರೆ ಉಳಿದ 40 ಹಾಳಾಗಿದೆಯೆಂದು ಗಾಬರಿಯಾಗುವವರಿದ್ದಾರೆ, 60 ಸಹಜವಾದದ್ದೇ.) ಆದರೆ ಸ್ನಾಯು ಸೊರಗತೊಡಗಿದ ಮೇಲೂ ಹೃದಯ ಹೇಗೋ ಸಂಭಾಳಿಸಿಕೊಂಡು ಈ ಅಂಕಿಯನ್ನು ಬಹುಕಾಲ ಕಾಪಾಡಿಕೊಳ್ಳಬಲ್ಲದು. ಅಂಕಿ ಇಳಿಯುವ ಮೊದಲೇ, ಬಡಿತಗಳ ನಡುವೆ ಹೃತ್ಕುಕ್ಷಿ ಸರಿಯಾಗಿ ಸಡಿಲಗೊಳ್ಳದಿರುವುದು, ಮೇಲಿನ ಕೋಣೆಯಾದ ಎಡ ಹೃತ್ಕರ್ಣ ಹಿಗ್ಗಿರುವುದು, ಸ್ನಾಯುವಿನ ಎಳೆಗಳು ಉದ್ದಕ್ಕೆ ಕುಗ್ಗುವ ಪ್ರಮಾಣವಾದ 'ಸ್ಟ್ರೇನ್' ಇಳಿದಿರುವುದು ಕಾಣಬಹುದು. ಸ್ಟ್ರೇನ್ ಸಾಮಾನ್ಯವಾಗಿ ಶೇಕಡಾ ಮೈನಸ್ 20ರ ಆಸುಪಾಸಿನಲ್ಲಿರುತ್ತದೆ (ಮೈನಸ್ ಎಂದರೆ ಎಳೆ ಗಿಡ್ಡವಾಗುತ್ತದೆ ಎಂದಷ್ಟೇ). ಎಲ್ಲ ಕಡೆಯೂ ಇದನ್ನು ಅಳೆಯುವುದಿಲ್ಲ, ಚಿತ್ರ ಸ್ಪಷ್ಟವಾಗಿ ಬರದಿದ್ದರೆ ಅಳೆದೂ ಪ್ರಯೋಜನವಿಲ್ಲ. ಆದ್ದರಿಂದ ಇಎಫ್ ಒಂದನ್ನೇ ನೋಡಿ ಬರೆದ 'ನಾರ್ಮಲ್' ಎಂಬ ಪದವನ್ನು ಕುಡಿಯಲು ಕೊಟ್ಟ ಪರವಾನಗಿಯೆಂದು ಓದಿಕೊಳ್ಳಬಾರದು.

ಇನ್ನು, ಹಿಗ್ಗಿದ ಹೃದಯವೇ ಕಂಡಿತೆನ್ನಿ. ಅದೇ ಚಿತ್ರ ವೈರಸ್ ಸೋಂಕಿನಿಂದ, ವಂಶವಾಹಿ ದೋಷದಿಂದ, ರಕ್ತನಾಳಗಳ ಬ್ಲಾಕ್‌ನಿಂದಲೂ ಬರಬಹುದು. ಬ್ಲಾಕ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಆಂಜಿಯೋಗ್ರಾಂ ಬೇಕಾಗುತ್ತದೆ. ಗ್ಯಾಡೊಲಿನಿಯಂ ಎಂಬ, ಚಿತ್ರದಲ್ಲಿ ಕಲೆ ಎದ್ದು ಕಾಣಿಸುವ ದ್ರವ ಕೊಟ್ಟು ಮಾಡುವ ಹೃದಯದ ಎಂಆರ್‌ಐ ಸ್ನಾಯುವಿನೊಳಗಿನ ಗಾಯದ ಕಲೆಗಳನ್ನೇ ತೋರಿಸುತ್ತದೆ: ಬ್ಲಾಕ್‌ನಿಂದಾದ ಕಲೆ ಗೋಡೆಯ ಒಳಪದರದಿಂದ ಆರಂಭವಾದರೆ, ಮದ್ಯದಂಥ ಕಾರಣಗಳಲ್ಲಿ ಅದು ಹೆಚ್ಚಾಗಿ ಗೋಡೆಯ ನಡುವೆ ಗೆರೆಯಂತಿರುತ್ತದೆ. ಆ ಗೆರೆಯ ಮೇಲೂ 'ಇದು ಮದ್ಯದ್ದು' ಎಂದು ಬರೆದಿರುವುದಿಲ್ಲ. ಕೊನೆಗೆ ಕಾರಣ ತಿಳಿಯಬೇಕಾದದ್ದು ನೀವು ಹೇಳುವ ಲೆಕ್ಕದಿಂದಲೇ.

ಆ ಲೆಕ್ಕ ಸಿಗುವುದೇ ಕಷ್ಟ. "ಯಾವಾಗಲೋ ಒಮ್ಮೊಮ್ಮೆ" ಎಂದು ಒಬ್ಬರು ಮಲಗಿದಲ್ಲಿಂದಲೇ ಹೇಳಿದಾಗ, ಬಾಗಿಲ ಬಳಿ ಅವರ ಬನಿಯನ್ ಹಿಡಿದು ನಿಂತಿದ್ದ ಪತ್ನಿ, "ದಿನಾ ಒಂದು ಕ್ವಾರ್ಟರ್, ಭಾನುವಾರ ಎರಡು" ಎಂದರು. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ದಿನಕ್ಕೆ 80 ಗ್ರಾಂಗಿಂತ ಹೆಚ್ಚು, ಕನಿಷ್ಠ ಐದು ವರ್ಷ ಎಂಬುದು ಈ ಕಾಯಿಲೆಯ ಬಗ್ಗೆ ವೈದ್ಯರು ಸಾಮಾನ್ಯವಾಗಿ ಉಲ್ಲೇಖಿಸುವ ಮಟ್ಟ. ಅದಕ್ಕಿಂತ ಕಡಿಮೆಯಿದ್ದರೆ ಸುರಕ್ಷಿತವೆಂದು ಇದರರ್ಥವಲ್ಲ. ಅದರಲ್ಲೂ ಹೆಂಗಸರ ಹೃದಯ ಕಡಿಮೆ ಪ್ರಮಾಣಕ್ಕೇ ಬಾಧೆಗೊಳಗಾಗಬಹುದು. ಅಂದು ಆ ಪತ್ನಿ ಬಾಯಿ ಬಿಡದಿದ್ದರೆ ನನ್ನ ವರದಿ ಬರಿಯ ಅಳತೆಗಳ ಪಟ್ಟಿಯಾಗಿ ಉಳಿಯುತ್ತಿತ್ತು.

ಕುಡಿತ ಬಿಟ್ಟವರಲ್ಲಿ ಅನೇಕರ ಹೃದಯ ಔಷಧಗಳ ನೆರವಿನಿಂದ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ, ಕೆಲವರ ಇಎಫ್ ಸಹಜ ಮಟ್ಟಕ್ಕೂ ಮರಳುತ್ತದೆ. ಆದರೆ ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದಾದ್ದರಿಂದ ವೈದ್ಯರ ನಿಗಾದಲ್ಲೇ ಬಿಡಬೇಕು. ಕೆಲವು ತಿಂಗಳ ನಂತರ ಮತ್ತೆ ಎಕೋ ಮಾಡಿಸುವಾಗ ಹಳೆಯ ವರದಿಯನ್ನು ಮರೆಯದೆ ತನ್ನಿ, ಸಾಧ್ಯವಾದರೆ ಅದೇ ಜಾಗಕ್ಕೆ ಹೋಗಿ. ಅಳೆಯುವ ಕೈ ಬದಲಾದರೆ ಇಎಫ್‌ನಲ್ಲಿ ಐದು ಅಂಕಿಯ ವ್ಯತ್ಯಾಸ ಸುಮ್ಮನೆಯೇ ಬಂದುಬಿಡುತ್ತದೆ.